ಬೆಳಕಿನ ದಾರಿಗೆ ಧೂಳಿನ ತಡೆ

ಪಹಣಿ ಪಡೆಯಲು ಹೋದಾಗ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಾಗ 'ನೆಟ್ ಇಲ್ಲ, ನಾಳೆ ಬನ್ನಿ' ಎಂಬ ಮಾತನ್ನು ಕೇಳದವರು ನಮ್ಮ ಕಡೆ ವಿರಳ. ಸಾಲಿಗ್ರಾಮ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಎಲ್ಲಿಗೆ ಹೋದರೂ ಇದು ಹೊಸ ಮಾತಲ್ಲ. ಕೂಲಿ ಬಿಟ್ಟು ಬಂದ ತಂದೆಗೆ ಒಂದು ದಿನದ ಸಂಪಾದನೆ ನಷ್ಟ. ಅರ್ಜಿಗೆ ಅದೇ ಕಡೆಯ ದಿನವಾಗಿದ್ದರೆ ಮಗಳಿಗೆ ಒಂದು ವರ್ಷವೇ ನಷ್ಟ. ಕಾರಣಗಳು ಹಲವಿರಬಹುದು. ಕರೆಂಟ್ ಹೋಗಿರಬಹುದು, ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿರಬಹುದು. ಆದರೆ ಯಾರ ಕಣ್ಣಿಗೂ ಬೀಳದ ಇನ್ನೊಂದು ಕಾರಣವಿದೆ. ಅದು ಕೇಬಲ್ಲಿನ ತುದಿಯಲ್ಲಿ ಕುಳಿತ ಧೂಳಿನ ಕಣ!

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಜಾಲ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ರಸ್ತೆಬದಿಯಲ್ಲಿ ಗುಂಡಿ ತೋಡಿ ಪ್ಲಾಸ್ಟಿಕ್ ಕೊಳವೆಗಳನ್ನು ಹೂಳುವುದನ್ನು ನೀವು ನೋಡಿರಬಹುದು. ಅವುಗಳೊಳಗೆ ಸಾಗುವುದು ತಾಮ್ರದ ತಂತಿಯಲ್ಲ, ಗಾಜಿನ ಎಳೆ.

ಗಾಜಿನೊಳಗಿನ ಓಟ

ಈ ಎಳೆಯಲ್ಲಿ ಎರಡು ಪದರಗಳಿವೆ. ನಡುವೆ ತಿರುಳು, ಸುತ್ತಲೂ ಹೊದಿಕೆ. ಎರಡೂ ಗಾಜೇ. ಆದರೆ ತಿರುಳಿನ ವಕ್ರೀಭವನ ಸೂಚ್ಯಂಕ ಸ್ವಲ್ಪ ಹೆಚ್ಚು. ಆದ್ದರಿಂದ ತಿರುಳನ್ನು ಹೊಕ್ಕ ಬೆಳಕು ಹೊರಗೆ ಸೋರದೆ, ನಾವು ತರಗತಿಯಲ್ಲಿ ಕಲಿಸುವ ಸಂಪೂರ್ಣ ಆಂತರಿಕ ಪ್ರತಿಫಲನದ ತತ್ತ್ವದಂತೆ ಒಳಗೇ ಸಾಗುತ್ತದೆ.

ಈ ವಿಷಯದಲ್ಲಿ ಮೊದಲು ದುಡಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಗಾಜಿನಲ್ಲಿರುವ ಕಲ್ಮಶಗಳನ್ನು ತೆಗೆದರೆ ಬೆಳಕನ್ನು ಬಹುದೂರ ಕಳಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೊ. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು ಎಂಬುದು ಆಗಿನ ಗುರಿ. ಇಂದಿನ ಒಳ್ಳೆಯ ಎಳೆಯಲ್ಲಿ ನೂರಕ್ಕೆ 95 ಪಾಲು ಉಳಿಯುತ್ತದೆ. ತಂತ್ರಜ್ಞರ ಭಾಷೆಯಲ್ಲಿ ಹೇಳುವುದಾದರೆ ಕಿಲೋಮೀಟರಿಗೆ ನಷ್ಟ ಸುಮಾರು 0.2 ಡೆಸಿಬೆಲ್.

ಹನ್ನೆರಡು ಎಳೆಗೆ ಒಂದೇ ಹಿಡಿ

ಮನೆಗೆ ಬರುವುದು ಸಾಮಾನ್ಯವಾಗಿ ಒಂದೇ ಎಳೆ. ಆದರೆ ಬೆಂಗಳೂರಿನಂಥ ನಗರಗಳ ದತ್ತಾಂಶ ಕೇಂದ್ರಗಳಲ್ಲಿ ಸಾವಿರಾರು ಎಳೆಗಳನ್ನು ಜೋಡಿಸಬೇಕು. ಒಂದೊಂದಾಗಿ ಜೋಡಿಸುತ್ತ ಕುಳಿತರೆ ಜಾಗವೂ ಸಾಲದು, ಸಮಯವೂ ಸಾಲದು. ಇದಕ್ಕಾಗಿಯೇ ಬಂದದ್ದು 'ಎಂಪಿಓ' ಎಂಬ ಬಹುತಂತು ಕನೆಕ್ಟರ್. ಇದರ ಮೂತಿ ಸುಮಾರು 6.4 ಮಿಲಿಮೀಟರ್ ಅಗಲ, 2.5 ಮಿಲಿಮೀಟರ್ ಎತ್ತರ. ಇಷ್ಟು ಪುಟ್ಟ ಜಾಗದಲ್ಲಿ ಹನ್ನೆರಡು ಎಳೆಗಳು ಕಾಲು ಮಿಲಿಮೀಟರ್ ಅಂತರದಲ್ಲಿ ಸಾಲಾಗಿ ಕೂರುತ್ತವೆ. ಹೆಚ್ಚು ಎಳೆಗಳ ಮಾದರಿಗಳೂ ಇವೆ.

ಎದುರುಬದುರಾಗುವ ಎಳೆಗಳು ಕೂದಲೆಳೆಯಷ್ಟೂ ಪಕ್ಕಕ್ಕೆ ಸರಿಯುವಂತಿಲ್ಲ. ಹಾಗಾಗಿ ಒಂದು ಕನೆಕ್ಟರಿನಲ್ಲಿ ಎರಡು ಲೋಹದ ಕಡ್ಡಿಗಳು, ಅದರ ಜೊತೆಯದರಲ್ಲಿ ಎರಡು ರಂಧ್ರಗಳು ಇರುತ್ತವೆ. ಕಡ್ಡಿಯಿರುವ ಎರಡನ್ನು ಬಲವಂತವಾಗಿ ಒತ್ತಿದರೆ ಮೂತಿ ಹಾಳಾಗುತ್ತದೆ. ರಂಧ್ರವಿರುವ ಎರಡನ್ನು ಸೇರಿಸಿದರೆ ಎಳೆಗಳು ನೇರಕ್ಕೆ ಬರುವುದಿಲ್ಲ. ಒಂದು ತುದಿಯಲ್ಲಿ ಕಳಿಸುವ ಎಳೆ ಇನ್ನೊಂದು ತುದಿಯಲ್ಲಿ ಪಡೆಯುವ ಕಡೆಗೇ ಸೇರಬೇಕು. ಇದು ತಿರುವುಮುರುವಾದರೆ ಬೆಳಕು ಬಂದರೂ ಸಂದೇಶ ಬರುವುದಿಲ್ಲ.

ಧೂಳಿನ ಲೆಕ್ಕ

ವಿದ್ಯಾರ್ಥಿಗಳೇ, ಈಗ ಒಂದು ಸಣ್ಣ ಲೆಕ್ಕ. ದೂರಸಂಪರ್ಕದ ಎಳೆಯ ತಿರುಳಿನ ವ್ಯಾಸ ಸುಮಾರು 9 ಮೈಕ್ರೋಮೀಟರ್. ನಮ್ಮ ತಲೆಗೂದಲು ಇದರ ಏಳೆಂಟು ಪಟ್ಟು ದಪ್ಪ. ತಿರುಳಿನ ಮೇಲೆ 1 ಮೈಕ್ರೋಮೀಟರ್ ವ್ಯಾಸದ ಕಣ ಕುಳಿತರೆ ಅದು ಮುಚ್ಚುವುದು 81ರಲ್ಲಿ ಒಂದು ಪಾಲು ಮಾತ್ರ. ಏಕೆಂದರೆ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅದೇ 9 ಮೈಕ್ರೋಮೀಟರಿನ ಕಣವಾದರೆ ದಾರಿ ಪೂರ್ತಿ ಬಂದ್. ನಾಲೆಯಲ್ಲಿ ನೀರು ಎಷ್ಟಿದ್ದರೇನು, ತೂಬಿನ ಬಾಯಿಗೆ ಕಸ ಸಿಕ್ಕಿಕೊಂಡರೆ ಗದ್ದೆ ಒಣಗುವುದಿಲ್ಲವೇ?

ಬಹುತಂತು ಕನೆಕ್ಟರಿನಲ್ಲಿ ತೊಂದರೆ ಇನ್ನೂ ಹೆಚ್ಚು. ಗಟ್ಟಿ ಕಣವೊಂದು ತಿರುಳಿನ ಮೇಲೆ ಕೂರದೆ ಪಕ್ಕದಲ್ಲೆಲ್ಲೋ ಕುಳಿತರೂ ಎರಡು ಮೂತಿಗಳು ಅಂಟಿ ಕೂರದಂತೆ ಎತ್ತಿ ಹಿಡಿಯುತ್ತದೆ. ನಡುವೆ ಗಾಳಿ ಸೇರುತ್ತದೆ. ಗಾಜು ಮತ್ತು ಗಾಳಿ ಕೂಡುವ ಪ್ರತಿಯೊಂದು ಮೇಲ್ಮೈಯಲ್ಲಿ ಸುಮಾರು ಶೇಕಡ 3.5ರಷ್ಟು ಬೆಳಕು ಹಿಂದಕ್ಕೆ ಹೋಗುತ್ತದೆ. ಎರಡು ಮೇಲ್ಮೈ ಸೇರಿದರೆ ಶೇಕಡ 7. ಒಂದು ಕಣದಿಂದ ಹಲವು ಎಳೆಗಳಿಗೆ ಪೆಟ್ಟು! ಕೊಳೆಯಾದ ಕನೆಕ್ಟರಿನಲ್ಲಿ 1 ಡೆಸಿಬೆಲ್ ನಷ್ಟವಾದರೆ, ಅದು 5 ಕಿಲೋಮೀಟರ್ ಕೇಬಲ್ಲಿನಲ್ಲಾಗುವ ನಷ್ಟಕ್ಕೆ ಸಮ.

ಶುಚಿಗೊಳಿಸುವ ಕ್ರಮ

ನೋಡು, ಒರೆಸು, ಮತ್ತೆ ನೋಡು, ಆಮೇಲೆ ಜೋಡಿಸು. ತಂತ್ರಜ್ಞರು ಪಾಲಿಸಬೇಕಾದ ಕ್ರಮವಿದು. ಪರದೆಯಿರುವ ಸೂಕ್ಷ್ಮದರ್ಶಕದಲ್ಲಿ ಮೂತಿಯನ್ನು ಪರೀಕ್ಷಿಸಬೇಕು. ಇದಕ್ಕೆಂದೇ ಮಾಡಿದ, ಒತ್ತಿದರೆ ಪಟ್ಟಿ ಸರಿಯುವ ಸಾಧನದಿಂದ ಒಣದಾಗಿ ಒರೆಸಬೇಕು. ಜಿಡ್ಡು ಹೋಗದಿದ್ದರೆ ಮಾತ್ರ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ, ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ಆ ಬಟ್ಟೆ ನೂಲು ಬಿಡುವಂಥದ್ದಾಗಿರಬಾರದು. ಅಂಗಿಯ ಚುಂಗಿನಿಂದ ಒರೆಸುವುದು, ಬಾಯಿಂದ ಊದುವುದು ಸಲ್ಲದು. ಕೈ ತಾಗಿದರೆ ಬೆರಳಿನ ಜಿಡ್ಡು ಅಂಟುತ್ತದೆ. ಒಂದು ಬದಿಯನ್ನು ಒರೆಸಿ ಇನ್ನೊಂದನ್ನು ಬಿಟ್ಟರೆ ಶ್ರಮ ವ್ಯರ್ಥ, ಅಲ್ಲಿನ ಕೊಳೆ ಇಲ್ಲಿಗೂ ಅಂಟುತ್ತದೆ. ಕಡ್ಡಿಗಳ ಬುಡದಲ್ಲಿ ಅಡಗುವ ಧೂಳನ್ನು ಮರೆಯಬಾರದು. ಕನೆಕ್ಟರ್ ಬಿಚ್ಚಿದ ಕೂಡಲೇ ಮುಚ್ಚಳ ಹಾಕಬೇಕು. ಆ ಮುಚ್ಚಳವೂ ಶುಚಿಯಾಗಿರಬೇಕು.

ಮನೆಯಲ್ಲಿ ನಾವು ಮಾಡಬೇಕಾದ್ದೇನು?

ಪೋಷಕರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಮನೆಯ ಅಥವಾ ಶಾಲೆಯ ಫೈಬರ್ ತುದಿಯೊಳಗೆ ಮಕ್ಕಳು ಇಣುಕಿ ನೋಡದಂತೆ ಎಚ್ಚರ ವಹಿಸಿ. ಇಲ್ಲಿ ಬಳಸುವ 1310, 1490, 1550 ನ್ಯಾನೋಮೀಟರಿನ ಕಿರಣಗಳು ಅವಕೆಂಪು ಕಿರಣಗಳು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರಿನವರೆಗೆ ಮಾತ್ರ. 'ಬೆಳಕೇ ಇಲ್ಲ' ಎಂದು ನೋಡುತ್ತ ನಿಂತರೆ ಕಣ್ಣಿಗೆ ಅಪಾಯವಾಗಬಹುದು. ಕತ್ತರಿಸಿದ ಎಳೆಯ ಚೂರುಗಳನ್ನೂ ಮುಟ್ಟಬಾರದು, ಅವು ಚರ್ಮದೊಳಗೆ ಸುಲಭವಾಗಿ ಹೊಕ್ಕುಬಿಡುತ್ತವೆ.

ಮನೆಯ ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ಎಂಬ ಕೆಂಪು ದೀಪ ಉರಿದರೆ ಬೆಳಕು ಪೆಟ್ಟಿಗೆಯವರೆಗೆ ಬರುತ್ತಿಲ್ಲವೆಂದು ಅರ್ಥ. ಆಗ ಕೇಬಲ್ ಎಲ್ಲಾದರೂ ಮಡಚಿಕೊಂಡಿದೆಯೇ, ಬಾಗಿಲಿಗೆ ಸಿಕ್ಕಿದೆಯೇ ಎಂದಷ್ಟೇ ನೋಡಿ. 3 ಮಿಲಿಮೀಟರ್ ದಪ್ಪದ ಕೇಬಲ್ಲಿನ ಬಾಗು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಕಿರಿದಾಗದಿರುವುದು ಒಳ್ಳೆಯದು. ಉಳಿದದ್ದನ್ನು ತಿಳಿದವರಿಗೆ ಬಿಡಿ. ಅವರು ಬಂದಾಗ 'ಎರಡೂ ತುದಿ ಒರೆಸಿದಿರಾ?' ಎಂದು ಕೇಳಲು ಸಂಕೋಚ ಬೇಡ.

ಐಟಿಐ ಅಥವಾ ಡಿಪ್ಲೊಮಾ ಸೇರಬಯಸುವ ಮಕ್ಕಳು ಈ ಕೆಲಸವನ್ನು ಹಗುರವಾಗಿ ಕಾಣಬಾರದು. ಫೈಬರ್ ಜೋಡಿಸಿ, ಪರೀಕ್ಷಿಸಿ, ಶುಚಿಯಾಗಿಡಬಲ್ಲ ಕೈಗಳು ಈಗ ಹಳ್ಳಿಗಳಿಗೂ ಬೇಕು. ಅಂಥವರೊಬ್ಬರು ಸಮೀಪದಲ್ಲಿದ್ದರೆ, ಕೂಲಿ ಬಿಟ್ಟು ಬಂದವರ ಕೆಲಸ ಅಂದೇ ಮುಗಿದೀತು.