ಕೈತೋಟದ ಮಣ್ಣಿಗೂ ಒಂದು ಕೌದಿ

ಹಿತ್ತಲಲ್ಲಿ ನಾಲ್ಕು ಕಾಯಿಪಲ್ಲೆ ಬೆಳೆಯುವ ನಮ್ಮ ಕಲಬುರಗಿ ಕಡೆಯ ಗೃಹಿಣಿಗೆ ಇಬ್ಬರು ವೈರಿಗಳು: ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಕಸ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದೊಳಗೆ ಆರಿ, ಬದನೆ ಗಿಡ ತಲೆ ಬಾಗಿಸಿ ನಿಲ್ಲುತ್ತದೆ. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟುಗಳನ್ನೆಲ್ಲ ತುಂಬಿಟ್ಟುಕೊಳ್ಳುವ ನಾವು ಗಿಡಗಳಿಗೆಂದು ಎಷ್ಟು ತೆಗೆದಿಡಲಾದೀತು? ಸಂತೆಯಲ್ಲಿ ಕಾಯಿಪಲ್ಲೆ ತುಟ್ಟಿಯಾಗುವ ಹೊತ್ತಿಗೇ ನಮ್ಮ ಹಿತ್ತಲು ಒಣಗಿರುತ್ತದೆ!

ಇನ್ನು ಮಳೆ ಬಿತ್ತೆಂದರೆ ಗರಿಕೆ, ಜೇಕು, ಕಾಂಗ್ರೆಸ್ ಕಸ. ಕುರ್ಪಿ ಹಿಡಿದು ಕುಕ್ಕರುಗಾಲಲ್ಲಿ ಕುಳಿತು ತೆಗೆದಷ್ಟೂ ಮತ್ತೆ ಹುಟ್ಟುತ್ತವೆ. ನಲವತ್ತು ದಾಟಿದ ಮೇಲೆ ಸೊಂಟ, ಮೊಣಕಾಲು ಕೇಳಬೇಕಲ್ಲ!

ಈ ಎರಡಕ್ಕೂ ಒಂದೇ ಉಪಾಯವಿದೆ, ಅದಕ್ಕೆ ದುಡ್ಡೂ ಬೇಡ. ಮಣ್ಣನ್ನು ಬರಿಮೈಯಲ್ಲಿ ಬಿಡದೆ, ಗಿಡಗಳ ನಡುವೆ ಒಣಗಿದ ಎಲೆ, ಹುಲ್ಲು, ರವದಿ ಹಾಸುವುದು. ಹಳೆಯ ಸೀರೆ, ಧೋತರಗಳನ್ನು ಸೇರಿಸಿ ಹೊಲಿದ ಕೌದಿ ನಮ್ಮನ್ನು ಚಳಿಯಿಂದ ಕಾಯುವ ಹಾಗೆ, ಈ ಹೊದಿಕೆ ಮಣ್ಣನ್ನು ಬಿಸಿಲಿನಿಂದ ಕಾಯುತ್ತದೆ. ನಾನು ಮೊದಲ ಸಲ ಹಾಸುತ್ತಿದ್ದಾಗ ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು, "ಏನವಾ ಇದು, ಕಸಾ ತೆಗಿ ಅಂದ್ರ ಕಸಾನೇ ತಂದು ಹಾಕ್ಲತ್ತಿ?" ಎಂದು ನಕ್ಕಿದ್ದರು. ಆ ಬೇಸಿಗೆಯಲ್ಲಿ ಮನೆಯ ಬೆಂಡೆಕಾಯಿಯನ್ನು ಹುರಿದು ಬಡಿಸಿದವರೂ ಅವರೇ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಅಮೆರಿಕದ ರೂತ್ ಸ್ಟೌಟ್ ಎಂಬ ಮಹಿಳೆ 1944ರಲ್ಲಿ, ತೋಟ ಉಳುವವನ ದಾರಿ ಕಾಯ್ದು ಬೇಸತ್ತು, ಉಳದೆಯೇ ಬೀಜ ಹಾಕಿದರು. ಮುಂದೆ ವರ್ಷವಿಡೀ ನೆಲದ ಮೇಲೆ ಒಣಹುಲ್ಲಿನ ಹಾಸಿಗೆ ಇಟ್ಟು ಕಾಯಿಪಲ್ಲೆ ಬೆಳೆದರು. ಸೊಂಟನೋವಿಲ್ಲದೆ ತೋಟ ಮಾಡುವುದು ಹೇಗೆಂದು 1955ರಲ್ಲಿ ಪುಸ್ತಕವನ್ನೇ ಬರೆದರು. 1980ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ! ನಮ್ಮ ದೇಶದಲ್ಲಿ ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿಯಲ್ಲೂ ಇದೇ ಹೊದಿಕೆ 'ಆಚ್ಛಾದನ' ಎಂಬ ಹೆಸರಿನಲ್ಲಿ ಮುಖ್ಯ ಅಂಗವಾಗಿದೆ.

ಹೊದಿಕೆ ಮಾಡುವ ಕೆಲಸ

ಬಿಸಿಲು, ಬಿಸಿಗಾಳಿ ನೇರವಾಗಿ ತಾಗದಿದ್ದರೆ ಮಣ್ಣಿನ ತೇವ ಬೇಗ ಹಾರಿಹೋಗುವುದಿಲ್ಲ. ನೆಲ ತಂಪಾಗಿರುವುದರಿಂದ ಬೇರಿಗೂ ಹಿತ. ಇನ್ನು, ಕಳೆಯ ಎಷ್ಟೋ ಬೀಜಗಳಿಗೆ ಬೆಳಕು ತಾಗಿದರೇನೇ ಮೊಳಕೆ. ಕತ್ತಲಲ್ಲಿ ಹುಟ್ಟಿದರೂ ಎಳೆ ಸಸಿ ಹೊದಿಕೆ ದಾಟಿ ಮೇಲೆ ಬರಲಾರದೆ ಸಾಯುತ್ತದೆ. ತಿಂಗಳು ಕಳೆದಂತೆ ಕೆಳಗಿನ ಪದರು ಕೊಳೆತು ಗೊಬ್ಬರವಾಗುತ್ತದೆ, ಎರೆಹುಳುಗಳು ಬರುತ್ತವೆ.

ಆದರೆ ಒಂದು ಮಾತು. ಗರಿಕೆ ಮತ್ತು ಜೇಕು ಇದಕ್ಕೆ ಜಗ್ಗುವುದಿಲ್ಲ. ಗರಿಕೆಯ ಬೇರು, ಜೇಕಿನ ಗಡ್ಡೆಗಳನ್ನು ಮೊದಲೇ ಅಗೆದು ಆರಿಸಿ ತೆಗೆಯಬೇಕು.

ಎರೆ ಮಣ್ಣಿಗೆ ಬೇರೆ, ಕೆಂಪು ಮಣ್ಣಿಗೆ ಬೇರೆ

ಈ ವಿಷಯವನ್ನು ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಕಲಬುರಗಿ ನಗರದ ನಮ್ಮ ಓಣಿಯದು ಕಪ್ಪು ಎರೆ ಮಣ್ಣು. ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ, ಒಳಗಿನ ತೇವವೂ ಅದೇ ದಾರಿಯಲ್ಲಿ ಆರುತ್ತದೆ. ಹೊದಿಕೆ ಇದ್ದರೆ ಬಿರುಕು ಕಡಿಮೆ. ಆದರೆ ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುವಂಥದು. ಆದ್ದರಿಂದ ಮಳೆಗಾಲದಲ್ಲಿ ದಪ್ಪನೆಯ ಹೊದಿಕೆ ಹಾಗೇ ಬಿಟ್ಟರೆ ಬುಡ ಕೊಳೆತು ಮೆಣಸಿನ ಗಿಡ ಸಾಯುತ್ತದೆ.

ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ನನ್ನ ತವರು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಲ್ಲಿಯ ಕೆಂಪು ಬಾಳೆಹಣ್ಣು ನಿಮಗೆಲ್ಲ ಗೊತ್ತೇ ಇದೆ. ನಮ್ಮ ತವರುಮನೆಯ ಹಿತ್ತಲದು ಕೆಂಪು ಮಣ್ಣು. ನೀರು ಹಾಕಿದರೆ ಬೇಗ ಕೆಳಗಿಳಿದುಬಿಡುತ್ತದೆ. ಅಲ್ಲಿ ನಮ್ಮ ವೈನಿ ಒಣಗಿದ ಬಾಳೆ ಎಲೆ ಮತ್ತು ಗೊನೆ ಕಡಿದ ಮೇಲೆ ಉಳಿಯುವ ದಿಂಡನ್ನು ಸೀಳಿ ಒಣಗಿಸಿ ದಪ್ಪಗೆ ಹಾಸುತ್ತಾರೆ, ಮಳೆಗಾಲದಲ್ಲೂ ತೆಗೆಯುವುದಿಲ್ಲ. ಅದನ್ನೇ ನೋಡಿ ನಾವು ನಗರದ ಎರೆ ಮಣ್ಣಿನಲ್ಲಿ ವರ್ಷವಿಡೀ ಹಾಗೇ ಮಾಡಿದರೆ ನಡೆಯದು. ಹೊದಿಕೆಯ ದಪ್ಪವನ್ನು ನಮ್ಮ ಮಣ್ಣೇ ಹೇಳಬೇಕು.

ಯಾವುದು ಒಳ್ಳೆಯದು, ಯಾವುದು ಬೇಡ?

ಬೇವಿನ ಒಣ ಎಲೆ, ಕಬ್ಬಿನ ರವದಿ, ಶೇಂಗಾ ಸಿಪ್ಪೆ, ತೆಂಗಿನ ನಾರು, ಒಣಹುಲ್ಲು ಇವೆಲ್ಲ ಒಳ್ಳೆಯವು. ಕಬ್ಬಿನ ಹಾಲಿನ ಗಾಡಿಯವರು ಎಸೆಯುವ ಸಿಪ್ಪೆಯನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಳಸಿ, ಇಲ್ಲದಿದ್ದರೆ ಇರುವೆ ಮುತ್ತುತ್ತವೆ. ಹಳೆಯ ವೃತ್ತಪತ್ರಿಕೆಯ ಐದಾರು ಹಾಳೆಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಹಾಸಿ, ನೆನೆಸಿ, ಮೇಲೆ ಎಲೆ ಹರಡಬಹುದು. ಮಿನುಗುವ ಬಣ್ಣದ ಕಾಗದ ಬೇಡ.

ನಮ್ಮದು ತೊಗರಿಯ ನಾಡು, ಹೊಟ್ಟಿಗೆ ಬರವಿಲ್ಲ. ಆದರೂ ದನ ತಿನ್ನುವ ಹೊಟ್ಟು, ಕಣಿಕೆ ದನಕ್ಕೇ ಇರಲಿ. ಅವು ಬಿಟ್ಟು ಉಳಿದದ್ದು ನಮ್ಮ ಹಿತ್ತಲಿಗೆ ಸಾಕು. ತೊಗರಿ ಕಟ್ಟಿಗೆ ಗಟ್ಟಿ, ಬೇಗ ಕೊಳೆಯದು, ಗೆದ್ದಲನ್ನೂ ಕರೆಯುತ್ತದೆ. ಅದನ್ನು ಹೀರೆ, ಅವರೆ ಬಳ್ಳಿಗೆ ಆಸರೆಯಾಗಿ ನೆಡಿ.

ಬೀಜ ಕಟ್ಟಿದ ಕಳೆ, ರೋಗ ಬಂದ ಟೊಮ್ಯಾಟೊ ಅಥವಾ ಬದನೆಯ ಎಲೆ ಖಂಡಿತ ಬೇಡ. ಕಾಂಗ್ರೆಸ್ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ಬರುತ್ತದೆ. ಹೊಲಗಳಲ್ಲಿ ಹಾಸುವ ಪ್ಲಾಸ್ಟಿಕ್ ಹಾಳೆ ಡ್ರಿಪ್ ಇದ್ದವರಿಗೆ ಸರಿ. ಹಿತ್ತಲಲ್ಲಿ ಅದು ಹರಿದು ಚೂರಾಗಿ ಮಣ್ಣಲ್ಲೇ ಉಳಿಯುತ್ತದೆ.

ಹಾಸುವ ಕ್ರಮ

ಮೊದಲು ಕಸ ತೆಗೆದು, ಮಣ್ಣನ್ನು ಕೈಯಾಡಿಸಿ, ತುಂಬ ನೀರು ಕೊಡಿ. ಒಣಗಿದ ನೆಲಕ್ಕೆ ಹೊದಿಕೆ ಹಾಕಿದರೆ ಒಣಗಿದ್ದೇ ಉಳಿಯುತ್ತದೆ. ಮರುದಿನ 2ರಿಂದ 3 ಅಂಗುಲ ದಪ್ಪ ಹರಡಿ. 10 ಅಡಿ ಉದ್ದ, 4 ಅಡಿ ಅಗಲದ ಮಡಿಗೆ ನಾಲ್ಕೈದು ಗೋಣಿಚೀಲ ಎಲೆ ಬೇಕಾಗುತ್ತದೆ. ಗಿಡದ ಬುಡದ ಸುತ್ತ ಮೂರು ಬೆರಳು ಜಾಗ ಬಿಡಿ, ಕಾಂಡಕ್ಕೆ ತಾಗಬಾರದು.

ಮೆಂತ್ಯ, ಕೊತ್ತಂಬರಿ, ರಾಜಗಿರಿ, ಪುಂಡಿ ಪಲ್ಯದ ಬೀಜ ಹಾಕಿದ ಕೂಡಲೇ ಹಾಸಬೇಡಿ, ಮೊಳಕೆ ಮೇಲೇಳದು. ಪುಂಡಿ ಗೇಣುದ್ದ ಬಂದ ಮೇಲೆ ಸಾಲುಗಳ ನಡುವೆ ಹಾಸಿ. ಬದನೆ, ಮೆಣಸಿನಕಾಯಿ, ಟೊಮ್ಯಾಟೊ ಸಸಿಗಳಾದರೆ ನಾಟಿ ಮಾಡಿ ವಾರದ ಮೇಲೆ ಹಾಕಬಹುದು.

ಕಾಲವನ್ನೂ ನೋಡಬೇಕು. ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಅಷ್ಟರೊಳಗೆ ಕೌದಿ ಹೊದಿಸಿಬಿಡಿ. ಮಿರುಗದ ಮಳೆ ಹಿಡಿದ ಮೇಲೆ ಎರೆ ಮಣ್ಣಿನವರು ಅರ್ಧದಷ್ಟು ಸರಿಸಿ, ಒಂದಂಗುಲ ಉಳಿಸಿ. ಕಸ ಏಳದಿರಲು ಅಷ್ಟು ಸಾಕು. ಸರಿಸಿದ್ದನ್ನು ತಿಪ್ಪೆಗೆ ಹಾಕಿ, ಗೊಬ್ಬರವಾಗಲಿ.

ಎಚ್ಚರಿಕೆಯ ಮಾತೊಂದಿದೆ. ತಂಪು, ಕತ್ತಲು ಇದ್ದಲ್ಲಿ ಚೇಳು ಸೇರಿಕೊಳ್ಳುತ್ತದೆ, ಹಾವೂ ಬರಬಹುದು. ಹೊದಿಕೆಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಿ. ಗೋಡೆಗೆ, ಹೊಸ್ತಿಲಿಗೆ ಒತ್ತಿ ಹಾಸಬೇಡಿ. ಸಣ್ಣ ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ.

ನೀರು ಎಷ್ಟು ಉಳಿಯುತ್ತದೆ ಎಂದು ಕೇಳುತ್ತೀರಾ? ನಮ್ಮ ಬದನೆ ಮಡಿಗೆ ದಿನಾ ಆರು ಕೊಡ ಹಾಕುತ್ತಿದ್ದೆ. ಈಗ ಬೇಸಿಗೆಯಲ್ಲೂ ದಿನ ಬಿಟ್ಟು ದಿನ ಅಷ್ಟೇ ಸಾಕಾಗುತ್ತಿದೆ. ನಿಮ್ಮ ಮಣ್ಣಿನ ಲೆಕ್ಕ ಬೇರೆ ಇರಬಹುದು. ಅದಕ್ಕೇ ಒಂದು ಕೆಲಸ ಮಾಡಿ: ಎರಡು ಮಡಿಗಳಲ್ಲಿ ಒಂದಕ್ಕೆ ಹೊದಿಸಿ, ಇನ್ನೊಂದನ್ನು ಬರಿದೇ ಬಿಡಿ. ದಿನಾ ಸಂಜೆ ಎರಡರಲ್ಲೂ ಮೇಲಿನ ಎಲೆ ಸರಿಸಿ ನೋಡಿಕೊಂಡು ಬೆರಳನ್ನು ಎರಡು ಗೆಣ್ಣು ಆಳಕ್ಕೆ ಊರಿ. ತಂಪು ಹತ್ತಿದರೆ ಅಂದು ನೀರು ಬೇಡ. ಹತ್ತು ದಿನ ಹೀಗೆ ನೋಡಿದರೆ ಯಾವ ಮಡಿಗೆ ಎಷ್ಟು ಕೊಡ ಬೇಕೆಂಬುದು ನಿಮಗೇ ತಿಳಿಯುತ್ತದೆ. ಉಳಿದ ಕೊಡದಲ್ಲಿ ಇನ್ನೊಂದು ಮಡಿ ಪುಂಡಿ ಪಲ್ಯ ಹಾಕಿ. ಬಿಸಿ ಜೋಳದ ರೊಟ್ಟಿಗೆ ಬೇಸಿಗೆಯಲ್ಲೂ ಮನೆಯದೇ ಪಲ್ಯ ಸಿಗುತ್ತದೆ.