ಪೂರ್ವಜರ ಶೋಧದಲ್ಲಿ ಡಿ.ಎನ್.ಎ. ಪರೀಕ್ಷೆ

ಘೋಡಬಂದರ್ ರಸ್ತೆಯ ವಾಹನದಟ್ಟಣೆಯಲ್ಲಿ ದಿನವೂ ಸಿಲುಕುವ ನಮಗೆ ಆ ಹೆಸರಿನೊಳಗಿನ ಕುದುರೆಗಳು ನೆನಪಾಗುವುದಿಲ್ಲ. ಅರಬ್ ವರ್ತಕರ ಕುದುರೆಗಳು ಇಲ್ಲಿ ಹಡಗಿನಿಂದ ಇಳಿಯುತ್ತಿದ್ದವೆಂದು ಹೇಳುತ್ತಾರೆ. ಮುಂದೆ ಇಲ್ಲಿ ಕೋಟೆ ಕಟ್ಟಿದ ಪೋರ್ತುಗೀಜರು 1739ರಲ್ಲಿ ವಸಯಿಯನ್ನು ಮರಾಠರಿಗೆ ಬಿಟ್ಟುಕೊಟ್ಟರು. ಅವರ ಹಡಗುಗಳು ಪಶ್ಚಿಮ ಕರಾವಳಿಗೆ ತಂದದ್ದು ಸರಕನ್ನು ಮಾತ್ರವಲ್ಲ. ಆಫ್ರಿಕದಿಂದ ಗುಲಾಮರಾಗಿ ಹಿಡಿದ ಮನುಷ್ಯರನ್ನೂ ತಂದವು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಅಂಥವರ ಸಂತತಿ.

ಹಲವು ವರ್ಷಗಳ ಹಿಂದೆ ನಾನು ಹಳಿಯಾಳದ ಕಡೆಯ ಬ್ಯಾಂಕ್ ಶಾಖೆಯಲ್ಲಿದ್ದಾಗ ವೃದ್ಧ ಸಿದ್ದಿಯೊಬ್ಬರು ಖಾತೆ ತೆರೆಯಲು ಬಂದರು. ಅರ್ಜಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಕುತೂಹಲಕ್ಕೆಂದು ಕೇಳಿದೆ: ನಿಮ್ಮ ಮೂಲ ಯಾವುದು? "ಅಜ್ಜನ ಹೆಸರು ಗೊತ್ತೈತ್ರಿ ಸಾಹೇಬ್ರ. ಅದರಾಚೆ ಬರೇ ಅಡವಿ," ಎಂದರು. ಕೇಳಬಾರದಿತ್ತೆಂದು ಆಮೇಲೆ ಅನಿಸಿತು.

ಆ ಅಡವಿಯಾಚೆ ಏನಿದೆಯೆಂಬುದನ್ನು ವಿಜ್ಞಾನವು ಸ್ವಲ್ಪಮಟ್ಟಿಗೆ ತೋರಿಸಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಕೆ. ತಂಗರಾಜ್ ಮತ್ತವರ ಸಹೋದ್ಯೋಗಿಗಳು ಸಿದ್ದಿಗಳ ಡಿ.ಎನ್.ಎ. ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವ ವೈ ವರ್ಣತಂತುವೂ, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯೂ ಸಹಾರಾದ ದಕ್ಷಿಣದ ಬಂಟು ಭಾಷಿಕರತ್ತ ಬೆರಳು ತೋರಿದವು. ಉಳಿದ ವರ್ಣತಂತುಗಳಲ್ಲಿ ಆಫ್ರಿಕದ ಅಂಶದೊಂದಿಗೆ ಭಾರತೀಯ ಅಂಶವೂ, ಬಹುಶಃ ಯುರೋಪಿನ ಅಂಶವೂ ಕಂಡವು. ನೆರೆಯ ಜನರೊಂದಿಗೆ ಬೆರೆತದ್ದು ಸುಮಾರು ಎಂಟು ತಲೆಮಾರುಗಳಿಂದೀಚೆಗೆ, ಅಂದರೆ ಇನ್ನೂರು ವರ್ಷಗಳ ಅವಧಿಯಲ್ಲಿ, ಎಂದು ಅವರ ಅಂದಾಜು.

ಈ ಲೆಕ್ಕ ನನ್ನಂಥ ವಾಣಿಜ್ಯ ಪದವೀಧರನಿಗೂ ಅರ್ಥವಾಗುತ್ತದೆ. ಎರಡು ಜನಾಂಗಗಳು ಬೆರೆತ ಹೊಸದರಲ್ಲಿ ಒಂದೊಂದು ಮೂಲದ ಡಿ.ಎನ್.ಎ. ಉದ್ದುದ್ದ ತುಂಡುಗಳಾಗಿರುತ್ತದೆ, ಪ್ರತಿ ತಲೆಮಾರಿನಲ್ಲೂ ಕತ್ತರಿಸಿ ಮರುಜೋಡಣೆಯಾಗುತ್ತ ಅವು ಗಿಡ್ಡವಾಗುತ್ತವೆ. ಬಾಕಿ ಸಾಲವನ್ನು ನೋಡಿ ಎಷ್ಟು ಕಂತು ಸಂದಿದೆಯೆಂದು ಹೇಳುವಂತೆಯೇ, ತುಂಡುಗಳ ಉದ್ದದಿಂದ ತಲೆಮಾರುಗಳನ್ನು ಎಣಿಸುತ್ತಾರೆ.

ಆದರೆ ಈ ಖಾತೆಪುಸ್ತಕದಲ್ಲಿ ಹೆಸರುಗಳಿಲ್ಲ. ಕೆನಡಾ, ಆಸ್ಟ್ರೇಲಿಯಗಳಿಗೆ ವಲಸೆಹೋದ ಸ್ಕಾಟ್ಲೆಂಡಿನವರ ವಂಶಜರೂ ಇಂಥ ಪರೀಕ್ಷೆ ಮಾಡಿಸುತ್ತಾರೆ. ಅವರಿಗೆ ಚರ್ಚಿನ ದಫ್ತರಗಳೂ 1855ರಿಂದ ಸರ್ಕಾರಿ ಜನನ-ಮರಣ ನೋಂದಣಿಯೂ ಆಸರೆಗಿವೆ. ನಮ್ಮ ಕಡೆಯದೇ ನಿದರ್ಶನವಿದೆ. ಸೂರತ್ತಿನಲ್ಲಿದ್ದ ಸ್ಕಾಟಿಷ್ ವರ್ತಕ ಥಿಯೊಡೋರ್ ಫೋರ್ಬ್ಸ್‌ನ ಸಂಗಾತಿ ಎಲೈಜಾ ಕೆವಾರ್ಕ್. ಅವರ ಮಗಳನ್ನು ಬಾಲ್ಯದಲ್ಲೇ ಸ್ಕಾಟ್ಲೆಂಡಿಗೆ ಕಳಿಸಿದರು. ಆ ಮಗಳ ಸಂತತಿಯಲ್ಲಿ ರಾಜಕುಮಾರಿ ಡಯಾನಾ ಹುಟ್ಟಿದಳು. ಎಲೈಜಾ ಆರ್ಮೇನಿಯದವಳೆಂದು ಮನೆತನದಲ್ಲಿ ಹೇಳಿಕೊಂಡು ಬಂದಿದ್ದರು. ಡಯಾನಾಳ ತಾಯಿಯ ಕಡೆಯ ಬಂಧುಗಳ ಪರೀಕ್ಷೆಯಿಂದ, ಅವಳ ತಾಯಿಯ ಸಾಲು ಭಾರತೀಯವೆಂದು 2013ರಲ್ಲಿ ಪ್ರಕಟವಾಯಿತು. ಪತ್ರಗಳು ಉಳಿದಿದ್ದವು, ಹೆಸರು ತಿಳಿದಿತ್ತು. ಡಿ.ಎನ್.ಎ. ಅದಕ್ಕೆ ಸಾಕ್ಷಿ ನುಡಿಯಿತಷ್ಟೆ. ಸಿದ್ದಿಗಳ ಪೂರ್ವಜೆಯರಿಗೆ ಪತ್ರ ಬರೆಯುವವರಾರಿದ್ದರು? 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆ ಮಾನ್ಯತೆ ಜನಾಂಗಕ್ಕೆ ದೊರೆಯಿತು. ಅಜ್ಜಿಯರ ಹೆಸರುಗಳು ದೊರೆಯಲಿಲ್ಲ.

ಈಗ ಜೊಲ್ಲನ್ನು ಶೀಸೆಯಲ್ಲಿ ತುಂಬಿಸಿ ಕಳಿಸಿದರೆ ಖಾಸಗಿ ಕಂಪನಿಗಳು ಶೇಕಡಾವಾರು ಲೆಕ್ಕ ಕೊಡುತ್ತವೆ. ಅದು ಅವರ ಬಳಿಯಿರುವ ಮಾದರಿಗಳೊಂದಿಗಿನ ಹೋಲಿಕೆ. ಮಾದರಿಗಳು ಹೆಚ್ಚಿದಂತೆ ಅಂಕಿಗಳೂ ಬದಲಾಗುತ್ತವೆ. ಅದನ್ನು ರೋಗನಿದಾನವೆಂದು ತಿಳಿಯಬಾರದು. ವಂಶಪಾರಂಪರ್ಯ ಕಾಯಿಲೆಯ ಸಂಶಯವಿದ್ದರೆ ವೈದ್ಯರ ಸಲಹೆಯಂತೆ ಮಾಡಿಸುವ ಪರೀಕ್ಷೆಯೇ ಬೇರೆ. ನಿಮ್ಮ ಫಲಿತಾಂಶ ಒಡಹುಟ್ಟಿದವರ ಗುಟ್ಟನ್ನೂ ಹೊರಗೆಡಹಬಲ್ಲದು ಎಂಬುದು ಜಾಹೀರಾತಿನಲ್ಲಿರುವುದಿಲ್ಲ.

ಮಗಳು ಅಂಥದೊಂದನ್ನು ತರಿಸಬೇಕೆಂದಾಗ, ಮೊದಲು ಹೊನ್ನಾವರದ ಅಜ್ಜಿಯನ್ನು ಕೇಳು ಎಂದೆ. ಕಳೆದ ದೀಪಾವಳಿಯಲ್ಲಿ ಅವಳು ನೋಟ್‌ಬುಕ್ ಹಿಡಿದು ಕುಳಿತಳು. ನನ್ನ ತಂದೆಯ ಕಡೆ ಐದು ತಲೆಮಾರುಗಳ ಹೆಸರು ಬಂದವು. ನನ್ನ ತಾಯಿ ತನ್ನ ತಾಯಿಯ ಹೆಸರನ್ನೂ ಅವಳ ತಾಯಿಯ ಹೆಸರನ್ನೂ ಹೇಳಿದಳು. ಅದರಾಚೆ ಅವಳಿಗೂ ಗೊತ್ತಿರಲಿಲ್ಲ.