ರಾಣಿಯ ಗುಟ್ಟು ಬಿಟ್ಟುಕೊಟ್ಟ ಪೆಟ್ಟಿಗೆ

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಸಿರಿವಂತರು ಪ್ರಯಾಣ ಹೊರಟರೆ ಮರದ ಪೆಟ್ಟಿಗೆಯೊಂದು ಜೊತೆಗೇ ಗಾಡಿ ಏರುತ್ತಿತ್ತು. ಹೆಸರು 'ನೆಸೆಸೇರ್'. ಅಂದರೆ ಅವಶ್ಯಕವಾದದ್ದು! ಬಾಚಣಿಗೆ, ಕನ್ನಡಿ, ಕತ್ತರಿ, ಅತ್ತರಿನ ಸೀಸೆ ಒಂದೊಂದಕ್ಕೂ ಅದರದೇ ಅಳತೆಯ ಗೂಡು. ಕುದುರೆಗಾಡಿ ಕುಲುಕಿದರೂ ಸಾಮಾನು ಒಂದಕ್ಕೊಂದು ತಾಗದಂತೆ ಈ ಏರ್ಪಾಡು.

ರಾಣಿ ಮಾರಿ ಅಂತ್ವಾನೆತ್‌ಗೆ ತನ್ನ ಪೆಟ್ಟಿಗೆಯ ಮೇಲೆ ಎಲ್ಲಿಲ್ಲದ ಮೋಹ. 1791ರಲ್ಲಿ, ಕ್ರಾಂತಿಯ ಬಿಸಿ ತಾಳದೆ ರಾಜಕುಟುಂಬ ಪ್ಯಾರಿಸ್ಸಿನಿಂದ ಗುಟ್ಟಾಗಿ ಪಾರಾಗಲು ಸಿದ್ಧವಾಗುತ್ತಿದ್ದಾಗಲೂ ಆಕೆಗೆ ಅದರದೇ ಚಿಂತೆ. ಅಷ್ಟು ದೊಡ್ಡ ಪೆಟ್ಟಿಗೆ ಬೇಡವೆಂದು ಆಪ್ತ ಪರಿಚಾರಿಕೆ ಮದಾಮ್ ಕಾಂಪಾಂ ಹೇಳಿದರೂ ಕೇಳಲಿಲ್ಲ. ನೆದರ್ಲೆಂಡ್ಸ್ ಪ್ರಾಂತ್ಯದ ಆಡಳಿತ ನೋಡುತ್ತಿದ್ದ ಅಕ್ಕನಿಗೆ ಉಡುಗೊರೆ ಎಂಬ ನೆಪ ಹೂಡಿ ಅದನ್ನು ಬ್ರಸೆಲ್ಸ್‌ಗೆ ಮುಂಚೆಯೇ ಸಾಗಿಸಲು ಹೊರಟಳು. ಉಡುಪುಕೋಣೆಯ ಹೆಂಗಸೊಬ್ಬಳಿಗೆ ಸಂಶಯ ಬಂತು. ಇಷ್ಟು ಮೆಚ್ಚಿದ ವಸ್ತುವನ್ನು ರಾಣಿ ಸುಮ್ಮನೆ ಕೊಟ್ಟಾಳೆಯೇ? ದೂರು ಪ್ಯಾರಿಸ್ಸಿನ ಮೇಯರ್‌ವರೆಗೂ ಹೋಯಿತೆಂದು ಕಾಂಪಾಂ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ.

ಫ್ರೆಂಚ್ ಕ್ರಾಂತಿಯ ಪಾಠ ಓದಿದ ವಿದ್ಯಾರ್ಥಿಗಳಿಗೆ ಮುಂದಿನದು ಗೊತ್ತು. ಜೂನ್ 20ರ ರಾತ್ರಿ ಹೊರಟವರು ಮರುದಿನ ರಾತ್ರಿ ವಾರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದರು. ಇದಕ್ಕೆ ಪೆಟ್ಟಿಗೆಯನ್ನೇ ದೂರುವುದು ನ್ಯಾಯವಲ್ಲ. ದಾರಿಯಲ್ಲಿ ರಾಜನ ಗುರುತು ಹತ್ತಿತ್ತು, ಗಾಡಿಯೂ ತಡವಾಗಿತ್ತು. 1793ರ ಅಕ್ಟೋಬರ್ 16ರಂದು ರಾಣಿ ಗಿಲೊಟಿನ್‌ಗೆ ತಲೆಕೊಟ್ಟಳು.

ಆಕೆಯ ನೆಸೆಸೇರ್ ಒಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಬೆಳ್ಳಿ, ಹರಳುಗಾಜು, ಪಿಂಗಾಣಿ, ದಂತದ ಸಾಮಾನುಗಳ ನಡುವೆ ಚಹಾದ ಪಾತ್ರೆಗೂ ಅಲ್ಲಿ ಜಾಗವಿದೆ.